ಡಾಕ್ಟರ್ ತಾರೀಖು ಬರುವವರೆಗೆ ಓದುವುದು ಹೇಗೆ?

ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದ ತೊಂದರೆ) ಇರಬಹುದು ಅಂತ ಶಿವಮೊಗ್ಗದಲ್ಲಿ ತೋರಿಸಿ, ಮುಂದಿನ ತಾರೀಖಿಗೆ ಕಾಯುತ್ತಿದ್ದೀರಾ? ನಾನೂ ಕಾದವನೇ. ರೂಮಲ್ಲಿ ಒಬ್ಬನೇ ಕೂತರೆ ಓದಿದ್ದಕ್ಕಿಂತ ಗೋಡೆ ಮೇಲಿನ ಹಲ್ಲಿ ನೋಡಿದ್ದೇ ಜಾಸ್ತಿ. ಒಂದು ದಿನ ಸುಮ್ನೆ ಜಗಲಿಗೆ ಬಂದೆ. ಅಮ್ಮ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಪಕ್ಕದಲ್ಲೇ ಚಾಪೆ ಹಾಸಿದೆ. 15 ನಿಮಿಷಕ್ಕೆ ಅಲಾರಂ ಇಟ್ಟು ಮೊಬೈಲನ್ನು ಅಜ್ಜಿ ಕೈಗೆ ಕೊಟ್ಟೆ. ಅಲಾರಂ ಹೊಡೆದ ಮೇಲೆ 5 ನಿಮಿಷ ತೋಟದಲ್ಲಿ ಓಡಾಟ, ಮತ್ತೆ ಚಾಪೆ. ಪಕ್ಕದಲ್ಲಿ ಯಾರಾದರೂ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರೆ ನನಗೆ ಗಮನ ನಿಲ್ಲುತ್ತದೆ. ನಡುವೆ ಬೇರೆ ಏನಾದರೂ ತಲೆಗೆ ಬಂದರೆ ಏಳಬೇಡಿ, ಚೀಟಿಯಲ್ಲಿ ಗೀಚಿಡಿ. ಗೆಳೆಯರ ಎಡಿಎಚ್‌ಡಿ ಮಾತ್ರೆ ತಗೊಳ್ಳೋದು ಮಾತ್ರ ಬೇಡ್ವೇ ಬೇಡ. ತೀರಾ ಬೇಜಾರಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.