ಎರಡು ‘ಜಲ’ ಹಿಡಿದು ಐಕ್ಯಾನ್‌ಗೆ ಹೋದೆ

ಬಳ್ಳಾರಿಯಲ್ಲಿ ನಾನು ಜನರಿಗೆ ಕಂಪ್ಯೂಟರ್, ಮೊಬೈಲ್ ಬಳಸೋದು ಹೇಳಿಕೊಡುತ್ತೇನೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ಅಂಗಡಿ ಬೋರ್ಡ್ ಓದುವಾಗ ಇದು ಯಾವ ಲಿಪಿ ಅಂತ ಯಾರೂ ನಿಂತು ಯೋಚಿಸುವುದಿಲ್ಲ.

ಇಂಟರ್ನೆಟ್ ವಿಳಾಸಗಳ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್. 1998ರಲ್ಲಿ ಶುರುವಾಗಿದ್ದು. ಡೊಮೇನ್ ಅಂದರೆ ವೆಬ್‌ಸೈಟ್ ಹೆಸರು ಮಾರುವವರಿಗೆ, ಸರ್ಕಾರಗಳಿಗೆ ಇರುವ ಹಾಗೆ ಅಲ್ಲಿ ಬಳಕೆದಾರರಿಗೂ ಒಂದು ಜಾಗ ಇದೆ. ಅದರ ಹೆಸರು ಅಟ್-ಲಾರ್ಜ್. ಐದು ಪ್ರದೇಶಗಳಿಂದ ತಲಾ ಇಬ್ಬರು, ನಾಮನಿರ್ದೇಶನ ಸಮಿತಿ ಆರಿಸುವ ಐವರು, ಹೀಗೆ 15 ಜನರ ಸಲಹಾ ಸಮಿತಿ ಆಡಳಿತ ಮಂಡಳಿಗೆ ಸಲಹೆ ಕೊಡುತ್ತದೆ. ನಾನು ಆ ಹದಿನೈದರಲ್ಲಿ ಒಬ್ಬನಲ್ಲ. ಏಷ್ಯಾ-ಪೆಸಿಫಿಕ್ ಗುಂಪಿಗೆ ಒಬ್ಬ ವ್ಯಕ್ತಿಯಾಗಿ ಸೇರಿದವನು, ಅಷ್ಟೆ. ನನಗೆ ಯಾರೂ ಓಟು ಹಾಕಿಲ್ಲ. ಹಾಗಾಗಿ ಬಳಕೆದಾರರ ಪರವಾಗಿ ಬಾಯಿ ತೆರೆಯುವ ಮೊದಲು ಬಳಕೆದಾರರನ್ನೇ ಕೇಳಬೇಕು ಅಂದುಕೊಂಡೆ.

ಆಗ ನಮ್ಮ ಲಿಪಿಗಳ ನಿಯಮಾವಳಿ ತಯಾರಾಗುತ್ತಿತ್ತು. ವಿಳಾಸದ ಕೊನೆಯಲ್ಲಿ, ಚುಕ್ಕಿ ಆದ ಮೇಲೆ ಬರುವ ಹೆಸರನ್ನು ಕನ್ನಡದಲ್ಲಿ ಬರೆದರೆ ಯಾವ ಅಕ್ಷರ ಇರಬಹುದು, ಯಾವ ಅಕ್ಷರ ಎಲ್ಲಿ ಕೂರಬಹುದು ಅನ್ನೋ ನಿಯಮಗಳು. ಕನ್ನಡ, ತೆಲುಗು ಸೇರಿ ಒಂಬತ್ತು ಲಿಪಿಗಳಿಗೆ ಒಂದೇ ಸಮಿತಿ. ಕರಡಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡೂ ಲಿಪಿಯಲ್ಲಿ ಒಂದೇ ಥರ ಕಾಣುವ ಅಕ್ಷರಗಳ ಪಟ್ಟಿ. ಕನ್ನಡದ ತಲೆಕಟ್ಟಿಗೂ ತೆಲುಗಿನ ತಲೆಕಟ್ಟಿಗೂ ವ್ಯತ್ಯಾಸ ಇದೆ. ಆದರೆ ಜ, ಬ, ಲ, ಣ ಇವಕ್ಕೆ ಎರಡರಲ್ಲೂ ತಲೆಕಟ್ಟೇ ಇಲ್ಲ! ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಒಂದು ಹೆಸರು ಒಬ್ಬರ ಕೈಗೆ, ಅದರ ಜೋಡಿ ಇನ್ನೊಬ್ಬರ ಕೈಗೆ ಹೋದರೆ ಮೋಸಕ್ಕೆ ಬಾಗಿಲು ತೆರೆದ ಹಾಗೆ ಅಲ್ವಾ?

ಒಂದು ಚೀಟಿಯಲ್ಲಿ ‘ಜಲ’ ಅಂತ ಎರಡು ಸಲ ಪ್ರಿಂಟ್ ಮಾಡಿದೆ, ಒಂದು ಕನ್ನಡ, ಒಂದು ತೆಲುಗು. ತರಗತಿಗೆ ಬರುವವರಿಗೆ, ಬೀದಿಯ ಅಂಗಡಿಯವರಿಗೆ ತೋರಿಸಿ ಕನ್ನಡದ್ದು ಯಾವುದು ಅಂತ ಕೇಳಿದೆ. ಹೂವಿನ ಅಂಗಡಿಯ ಅಕ್ಕ ಚೀಟಿ ಹತ್ತಿರ ಹಿಡಿದು ನೋಡಿದರು. “ಎರಡೂ ಒಂದೇ ಅದಾವಲ್ಲ ಸರ್, ಏನ್ ಕೇಳ್ತೀರಿ?” ಅಂದರು. ಖಚಿತವಾಗಿ ಹೇಳಿದವರು ಒಬ್ಬರೂ ಇಲ್ಲ.

ನಮ್ಮ ಗುಂಪಿನ ಕರೆಯಲ್ಲಿ ಒಬ್ಬರು, ಆ ಭಾಷೆ ಓದಬಲ್ಲವರಿಗೆ ಗೊಂದಲ ಆಗಲ್ಲ ಅಂದರು. ನಾನು ಆ ಚೀಟಿಯ ಚಿತ್ರ ತೋರಿಸಿ, ಅಕ್ಕನ ಮಾತನ್ನು ಹಾಗೇ ಹೇಳಿದೆ. ಇವರು ಎರಡೂ ಭಾಷೆ ಓದುವವರು ಅಂತಲೂ ಹೇಳಿದೆ. ಆಮೇಲೆ ಯಾರೂ ಆ ವಾದ ಎತ್ತಲಿಲ್ಲ. ಸಮಿತಿಯ ಪರಿಣತರಿಗೆ ಅಕ್ಷರಗಳ ಹೋಲಿಕೆ ಮೊದಲೇ ಗೊತ್ತಿತ್ತು, ಆ ಶ್ರಮ ಅವರದ್ದು. ಪಟ್ಟಿಯಿಂದ ಒಂದಕ್ಷರವನ್ನೂ ಕೈಬಿಡಬೇಡಿ ಅಂತ ಬರೆದು ಕಳಿಸಿದ್ದು ಮಾತ್ರ ನನ್ನ ಕೆಲಸ.

2019ರಲ್ಲಿ ಬಂದ ನಿಯಮಾವಳಿಯ ಮೂರನೇ ಆವೃತ್ತಿಯಲ್ಲಿ ಕನ್ನಡ, ತೆಲುಗು ಎರಡೂ ಸೇರಿದವು. ಅದರ ಪ್ರಕಾರ ಇಂಥ ಜೋಡಿಯಲ್ಲಿ ಒಂದು ಹೆಸರನ್ನು ಕೊಟ್ಟರೆ ಇನ್ನೊಂದು ಯಾರಿಗೂ ಸಿಗುವುದಿಲ್ಲ. ನನಗೆ ತುಂಬಾ ಖುಷಿಯಾಯಿತು.

ಆದರೆ ಈ ಬೀಗ ಇರುವುದು ಕೊನೆಯ ಹೆಸರಿಗೆ ಮಾತ್ರ. ಅದರ ಹಿಂದಿನ ಹೆಸರು, ಅಂದರೆ ನಾವು ಕೊಂಡುಕೊಳ್ಳುವ ಹೆಸರು, ಆಯಾ ನೋಂದಣಿ ಸಂಸ್ಥೆಯ ನಿಯಮದಂತೆ ನಡೆಯುತ್ತದೆ. ಜನ ಜಾಸ್ತಿ ಮೋಸ ಹೋಗಬಹುದಾದ ಜಾಗ ಅದೇ. ಈಗ ಆ ನಿಯಮಗಳನ್ನು ಒಂದೊಂದಾಗಿ ಓದುತ್ತಿದ್ದೇನೆ. ಚೀಟಿಗೆ ‘ಬಲ’ವನ್ನೂ ಸೇರಿಸಿದ್ದೇನೆ.