ದಿನಾಂಕ ಸರಿಯಿದ್ದರೆ ನಿರುದ್ಯೋಗ ಭತ್ಯೆ ಬರುತ್ತದೆ: ನನ್ನ ಅನುಭವ

ಇಎಸ್‌ಐನ (ನೌಕರರ ರಾಜ್ಯ ವಿಮೆಯ) ನಿರುದ್ಯೋಗ ಭತ್ಯೆ ಕಾಗದದ ಮೇಲಷ್ಟೇ ಇದೆ, ಕೈಗೆ ಬರುವುದಿಲ್ಲ ಎಂದು ವೇತನ ವಿಭಾಗದಲ್ಲಿ ಪಳಗಿದವರೇ ಹೇಳುತ್ತಿದ್ದರು. 2020ರಲ್ಲಿ ನಮ್ಮ ಕಾರ್ಖಾನೆ ನಲವತ್ತರ ಆಸುಪಾಸು ಕಾರ್ಮಿಕರನ್ನು ಕೈಬಿಟ್ಟಿತು. ಅವರಲ್ಲಿ ಬಹುಪಾಲು ಮಂದಿಗೆ ನಾನು ಅದನ್ನು ಕೊಡಿಸಿದೆ.

ಈ ಭತ್ಯೆ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರ ಜುಲೈನಿಂದಲೇ ಇತ್ತು. ಕೋವಿಡ್ ವರ್ಷದಲ್ಲಿ ಭತ್ಯೆಯನ್ನು ಸರಾಸರಿ ದಿನಗಳಿಕೆಯ ಶೇ 25ರಿಂದ ಶೇ 50ಕ್ಕೆ ಏರಿಸಿದರು, ಕಾಯುವ ಅವಧಿಯನ್ನು 90 ದಿನಗಳಿಂದ 30ಕ್ಕೆ ಇಳಿಸಿದರು. ಎಲ್ಲರೂ ನೋಡಿದ್ದು ಅಷ್ಟನ್ನೇ. ನನ್ನ ಕಣ್ಣು ಬಿದ್ದದ್ದು 78 ದಿನಗಳ ಷರತ್ತಿನ ಮೇಲೆ. ಕೆಲಸ ಹೋಗುವುದಕ್ಕೆ ಸ್ವಲ್ಪ ಮುಂಚೆ ಮುಗಿದ ಆರು ತಿಂಗಳ ವಂತಿಗೆ (ಸಂಬಳದಿಂದ ವಿಮೆಗೆ ಕಡಿತವಾಗುವ ಹಣ) ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇರಬೇಕು.

ಆಡಳಿತದವರು ಅಕ್ಟೋಬರ್ ಕೊನೆಗೆ ಬಿಡಿಸುವ ಯೋಚನೆಯಲ್ಲಿದ್ದರು. ಹಾಗಾದರೆ ಲೆಕ್ಕಕ್ಕೆ ಬರುವುದು ಏಪ್ರಿಲ್–ಸೆಪ್ಟೆಂಬರ್ ಅವಧಿ. ಲಾಕ್‌ಡೌನ್‌ನಲ್ಲಿ ಎರಡು ತಿಂಗಳು ಸಂಬಳವೇ ಇರಲಿಲ್ಲ, ಆಮೇಲೆ ಪಾಳಿ ಅರೆಬರೆ. ಬಹಳ ಮಂದಿಗೆ ಎಪ್ಪತ್ತೂ ದಾಟುತ್ತಿರಲಿಲ್ಲ. ಸೆಪ್ಟೆಂಬರ್ ಮಧ್ಯದಲ್ಲೇ ಬಿಡಿಸಿದರೆ ಅಕ್ಟೋಬರ್–ಮಾರ್ಚ್ ಅವಧಿ ಲೆಕ್ಕಕ್ಕೆ ಬರುತ್ತದೆ, ಅದು ಭರ್ತಿಯಾಗಿತ್ತು. ನೋಟಿಸಿನ ಬದಲಿಗೆ ಒಂದು ತಿಂಗಳ ವೇತನ ಕೊಟ್ಟು ಸೆಪ್ಟೆಂಬರ್ 15ಕ್ಕೇ ಲೆಕ್ಕ ಮುಗಿಸಿ ಎಂದು ಪಟ್ಟು ಹಿಡಿದೆ. ಲೆಕ್ಕಾಧಿಕಾರಿ ತಲೆಯಾಡಿಸಲಿಲ್ಲ, ಹಾಳೆಯಲ್ಲಿ ಬರೆದು ತೋರಿಸಿದ ಮೇಲೆ ಒಪ್ಪಿದರು.

ಹಣದ ಲೆಕ್ಕ ಹೀಗೆ. ತಿಂಗಳಿಗೆ 16,000 ಪಡೆಯುವವರ ಎರಡು ವರ್ಷದ ಗಳಿಕೆಯನ್ನು 730 ದಿನಗಳಿಂದ ಭಾಗಿಸಿ ಅರ್ಧ ಮಾಡಿದರೆ ದಿನಕ್ಕೆ 260ರ ಮೇಲೆ. 90 ದಿನಕ್ಕೆ ಸುಮಾರು 23,500 ರೂಪಾಯಿ. ಆ ಎರಡು ವರ್ಷಗಳಲ್ಲಿ ಅವರ ಸಂಬಳದಿಂದ ಕಡಿತವಾದದ್ದು ಐದು ಸಾವಿರದ ಆಚೀಚೆ. 2019ರ ಜೂನ್‌ವರೆಗೆ ಶೇ 1.75, ಆಮೇಲೆ ಶೇ 0.75. ಕೆಲಸ ಮಾಡಿದ ದಿನಗಳಿಂದಲೂ ಭಾಗಿಸಿ ನೋಡಿದ್ದೆ, ಮೊತ್ತ ಚೆನ್ನಾಗಿ ಕಾಣುತ್ತದೆ, ಆದರೆ ಬ್ಯಾಂಕಿಗೆ ಬಂದದ್ದು 730ರ ಲೆಕ್ಕವೇ.

ಎರಡನೆಯ ಗಂಟು ರಾಜೀನಾಮೆ. ಅದನ್ನು ಕೊಟ್ಟರೆ ತಾವಾಗಿಯೇ ಕೆಲಸ ಬಿಟ್ಟಂತಾಗಿ ಭತ್ಯೆ ಕೈತಪ್ಪುತ್ತದೆ. ಇಂಥ ಸಮಯದಲ್ಲಿ ಎಲ್ಲರಿಂದ ರಾಜೀನಾಮೆ ಬರೆಸಿಕೊಳ್ಳುವ ರೂಢಿಯಿದೆ. ಒಬ್ಬರಿಂದಲೂ ಬರೆಸಲು ನಾನು ಬಿಡಲಿಲ್ಲ. ಮಾಸಿಕ ವಂತಿಗೆ ವಿವರದಲ್ಲಿ ದಿನ ಸೊನ್ನೆ ಹಾಕಿ ಕಾರಣ ಸಂಕೇತ 2 ಒತ್ತಿದರೆ ಸ್ವಂತ ಇಚ್ಛೆಯಿಂದ ಬಿಟ್ಟಂತೆ ಕಾಣುತ್ತದೆ. 10 ಹಾಕಬೇಕು, ಅದು ಉದ್ಯೋಗ ಕಡಿತಕ್ಕೆ. ಈ ಒಂದು ಅಂಕಿಗಾಗಿ ಬೇರೆ ಕಾರ್ಖಾನೆಯವರ ಅರ್ಜಿಗಳು ತಿಂಗಳುಗಟ್ಟಲೆ ಕೊಳೆಯುವುದನ್ನು ನೋಡಿದ್ದೇನೆ.

ಎಲ್ಲವೂ ಗೆಲ್ಲಲಿಲ್ಲ. ಮೇಲ್ವಿಚಾರಕರೊಬ್ಬರ ಸಂಬಳ 2019ರ ಕೊನೆಯಲ್ಲಿ ಇಎಸ್‌ಐಯ ವೇತನ ಮಿತಿಯಾಗಿದ್ದ 21,000 ದಾಟಿತ್ತು. ಮಾರ್ಚ್‌ವರೆಗೆ ವಂತಿಗೆ ಕಡಿತವಾಗಿದೆಯಲ್ಲ ಎಂದು ಅವರದನ್ನೂ ಪ್ರಯತ್ನಿಸಿದೆ. ಕೆಲಸ ಹೋದಾಗ ಅವರು ವಿಮೆಯೊಳಗೆ ಇರಲಿಲ್ಲ ಎಂದು ತಿರಸ್ಕರಿಸಿದರು. ಆಧಾರ್‌ನಲ್ಲೊಂದು, ಪಾಸ್‌ಬುಕ್ಕಿನಲ್ಲೊಂದು ಹೆಸರಿದ್ದವರದು ಸುಮ್ಮನೆ ವಾಪಸಾಯಿತು. ಆರಂಭದಲ್ಲಿ ಛಾಪಾ ಕಾಗದದ ಪ್ರಮಾಣಪತ್ರವೂ ಬೇಕಿತ್ತು. ನೋಟರಿಗೆ ತಲಾ ನೂರಿನ್ನೂರು ಹೋಯಿತು. ಆಮೇಲೆ ಆ ಷರತ್ತನ್ನೇ ಕೈಬಿಟ್ಟರು.

ಪ್ರತಿ ಅರ್ಜಿಯ ಮೇಲೆ ನಾನು ಇಡುತ್ತಿದ್ದ ಒಂದು ಪುಟದ ವಿವರ ಪಟ್ಟಿಯಿಂದ ಶಾಖಾ ಕಚೇರಿಯಲ್ಲಿ ಕಡತ ಬೇಗ ಸಾಗಿತು. ಅದರಲ್ಲಿ ಏನಿತ್ತು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಭತ್ಯೆ ಜೀವಮಾನದಲ್ಲಿ ಒಟ್ಟು 90 ದಿನಕ್ಕೆ ಮಾತ್ರ. ಆದ್ದರಿಂದ ಬೇರೆ ಕೆಲಸ ಕೈಯಲ್ಲಿದ್ದ ಇಬ್ಬರು ಮೂವರಿಗೆ ಅರ್ಜಿ ಹಾಕಬೇಡಿ, ಉಳಿಸಿಕೊಳ್ಳಿ ಎಂದೆ.