ಕರಬೂಜ ಹೆಚ್ಚುವ ಕ್ರಮ: ಮೊದಲು ಸಿಪ್ಪೆ, ಆಮೇಲೆ ಹೋಳು

ಮುಂಬೈಯ ಅಡುಗೆಮನೆಯಲ್ಲಿ ಕರಬೂಜ ಹೆಚ್ಚಲು ಕೂತರೆ ಜಾಗದ್ದೇ ಮೊದಲ ತಾಪತ್ರಯ. ಗ್ಯಾಸ್ ಪಕ್ಕದಲ್ಲಿ ಉಳಿಯುವ ಒಂದೂವರೆ ಅಡಿ ಗ್ರಾನೈಟ್ ಕಟ್ಟೆಯ ಮೇಲೆ ಹಣ್ಣನ್ನು ಎರಡು ಮಾಡಿ, ಬೀಜ ಬಳಿದು, ಸೀಳಿ, ಒಂದೊಂದೇ ಸೀಳಿನ ಸಿಪ್ಪೆ ಬಿಡಿಸುತ್ತ ಹೋದರೆ ರಸವೆಲ್ಲ ಒಲೆಯ ಅಡಿಗೆ ಹರಿಯುತ್ತದೆ, ಹಿಂದೆಯೇ ಇರುವೆ ಸಾಲು ಬರುತ್ತದೆ. ನಾನು ಈ ಕ್ರಮವನ್ನೇ ತಲೆಕೆಳಗು ಮಾಡಿಕೊಂಡಿದ್ದೇನೆ. ಹಣ್ಣು ಇಡಿಯಾಗಿರುವಾಗಲೇ ಸಿಪ್ಪೆ ತೆಗೆಯುವುದು, ಬೀಜದ ಗೂಡು ಬಿಚ್ಚುವುದು ಕಟ್ಟಕಡೆಗೆ.

ತೊಳೆಯುವುದರಿಂದ ಶುರು. ಸಿಪ್ಪೆ ತಿನ್ನುವುದಿಲ್ಲವಲ್ಲ, ಯಾಕೆ ತೊಳೆಯಬೇಕು ಎನ್ನುವವರಿದ್ದಾರೆ. ಕರಬೂಜದ ಮೇಲಿನ ಬಲೆಯಂಥ ಗೆರೆಗಳು ಸಿಪ್ಪೆ ಬಿರಿದು ಮಾಯ್ದ ಜಾಗ, ಬೆಂಡಿನ ಹಾಗೆ ಒರಟು. ಹೊಲದ ಮಣ್ಣು ಅದರೊಳಗೆ ಕೂತಿರುತ್ತದೆ, ಚಾಕು ಅದನ್ನು ನೇರ ತಿರುಳಿಗೆ ಒಯ್ಯುತ್ತದೆ. 2011ರಲ್ಲಿ ಅಮೆರಿಕದ ಕೊಲೊರಾಡೊದಿಂದ ಹೋದ ಕರಬೂಜಗಳಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಿದ್ದು 33 ಜನ ಸತ್ತದ್ದು ಹೀಗೆ ಸಿಪ್ಪೆಯ ಮೇಲೆ ಕೂತು ಬಂದದ್ದರಿಂದಲೇ. ಹರಿಯುವ ನಲ್ಲಿಯ ಕೆಳಗೆ ಗಟ್ಟಿ ಎಳೆಯ ಬ್ರಷ್ಷಿನಿಂದ ಉಜ್ಜಿದರೆ ಸಾಕು, ಸೋಪು ಬೇಡ. ಬಟ್ಟೆಯಲ್ಲಿ ಒರೆಸಿ ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ತಣ್ಣಗಾದ ತಿರುಳು ಬಿಗಿಯಾಗುತ್ತದೆ, ಹೋಳಿನ ಮೂಲೆ ಕುಸಿಯುವುದಿಲ್ಲ. ಒಂದೇ ತೊಡಕೆಂದರೆ ಏಪ್ರಿಲ್–ಮೇ ತಿಂಗಳ ಇಲ್ಲಿನ ಗಾಳಿ. ಫ್ರಿಜ್ಜಿನಿಂದ ಹೊರಬಂದ ಹಣ್ಣು ನಿಮಿಷದಲ್ಲಿ ಬೆವರುತ್ತದೆ, ಒದ್ದೆ ಹಣ್ಣಿನ ಮೇಲೆ ಚಾಕು ಜಾರುತ್ತದೆ. ಚಾಕು ಹಿಡಿಯುವ ಮೊದಲು ಇನ್ನೊಮ್ಮೆ ಒರೆಸಲೇಬೇಕು. ಹಲಗೆಯ ಅಡಿಗೂ ಹಿಂಡಿದ ಒದ್ದೆ ಬಟ್ಟೆ ಹಾಸಿ, ಆಗ ಹಲಗೆ ಗ್ರಾನೈಟ್ ಮೇಲೆ ಅಲುಗುವುದಿಲ್ಲ. ಈರುಳ್ಳಿ ಹೆಚ್ಚುವ ಹಲಗೆಯನ್ನು ಮಾತ್ರ ಇದಕ್ಕೆ ತರಬೇಡಿ, ಎಷ್ಟು ತೊಳೆದರೂ ಕರಬೂಜ ಆ ವಾಸನೆ ಹಿಡಿಯುತ್ತದೆ.

ಚಾಕು ಉದ್ದ, ಅಂದರೆ 18ರಿಂದ 20 ಸೆಂ.ಮೀ., ತೆಳು ಅಲಗಿನದ್ದು, ಆಗಷ್ಟೇ ಮಸೆದದ್ದು. ಮೊಂಡು ಚಾಕು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಡಬ್ಬಿಯ ತಳದಲ್ಲಿ ನೀರು ನಿಂತು ಹೋಳುಗಳು ಲೋಳೆಯಾಗುವುದರ ಅರ್ಧ ಕಾರಣ ಅದು. ಸಿಪ್ಪೆ ಹೆರೆಯುವ ಪೀಲರ್ ಬಲೆಯ ಮೇಲೆ ಎಡವುತ್ತದೆ. ಊರಿಂದ ತಂದ ಮೆಟ್ಟುಕತ್ತಿ ಸೀಳು ಬಿಡಿಸಲು ಚೆನ್ನ, ಇಡೀ ಹಣ್ಣಿನ ಸಿಪ್ಪೆಗೆ ಅಲ್ಲ.

ತೊಟ್ಟಿನ ತುದಿ, ಅದರ ಎದುರಿನ ಹೂವಿನ ತುದಿ, ಎರಡರಲ್ಲೂ ಒಂದೊಂದು ಸೆಂ.ಮೀ. ದಪ್ಪದ ಬಿಲ್ಲೆ ತೆಗೆಯಿರಿ. ಬೀಜ ಕಂಡಿತೆಂದರೆ ಆಳವಾಯಿತು, ಇನ್ನು ಅಲ್ಲಿಂದಲೇ ರಸ ಸೋರುತ್ತದೆ. ಹಣ್ಣನ್ನು ಚಪ್ಪಟೆ ತುದಿಯ ಮೇಲೆ ನಿಲ್ಲಿಸಿ, ಸಿಪ್ಪೆಯೂ ತಿರುಳೂ ಕೂಡುವ ಗೆರೆಗೆ ಚಾಕು ಹಚ್ಚಿ, ಹಣ್ಣಿನ ಹೊಟ್ಟೆಯ ಬಾಗನ್ನೇ ಅನುಸರಿಸಿ ಕೆಳಗಿಳಿಸಿ. ಪಟ್ಟಿ ಮೂರು ಸೆಂ.ಮೀ.ಗಿಂತ ಅಗಲ ಬೇಡ. ಅಗಲ ಮಾಡಿದರೆ ಚಾಕು ನೇರ ಇಳಿದು ನಡುಹೊಟ್ಟೆಯ ತಿರುಳು ಸಿಪ್ಪೆಯ ಜೊತೆ ಹೋಗುತ್ತದೆ, ಕೆಳಗೆ ಮೇಲೆ ಹಸಿರು ಉಳಿಯುತ್ತದೆ. ಮುಕ್ಕಾಲು ಇಳಿದ ಮೇಲೆ ಬಾಗು ಒಳಮುಖವಾಗುವುದರಿಂದ ಅಲ್ಲಿ ಬಿಟ್ಟುಬಿಡಿ. ಸುತ್ತಲೂ ಮುಗಿದಾಗ ಹಣ್ಣನ್ನು ತಿರುಗಿಸಿ ನಿಲ್ಲಿಸಿ ಉಳಿದದ್ದನ್ನು ತೆಗೆಯಬಹುದು. ಸಿಪ್ಪೆಯಡಿಯ ಹಸಿರು ಪದರವೂ ಹೋಗಬೇಕು, ಅದಕ್ಕೆ ಸೌತೆಕಾಯಿಯ ರುಚಿ. ಕಿತ್ತಳೆ ತಿರುಳಿನ ಹಣ್ಣಿನಲ್ಲಿ ಬಣ್ಣವೇ ದಾರಿ ತೋರಿಸುತ್ತದೆ. ಬಿಳಿ, ಹಸಿರು ತಿರುಳಿನವುಗಳಲ್ಲಿ ಚಾಕುವಿಗೆ ತಾಗುವ ಗಡಸಿನ ಮೇಲೆ ಅಂದಾಜು ಮಾಡಬೇಕು.

ಈಗ ಸಿಪ್ಪೆಯನ್ನೆಲ್ಲ ಹಸಿ ಕಸದ ಬುಟ್ಟಿಗೆ ಹಾಕಿ, ಚಾಕು, ಹಲಗೆ, ಕೈ ಮೂರನ್ನೂ ತೊಳೆಯಿರಿ. ಈ ಕ್ರಮದ ನಿಜವಾದ ಲಾಭ ಇಲ್ಲಿದೆ, ಇಲ್ಲಿಂದ ಮುಂದೆ ಸಿಪ್ಪೆಗೆ ತಾಗಿದ ಯಾವುದೂ ತಿರುಳಿಗೆ ತಾಗುವುದಿಲ್ಲ. ಸಿಪ್ಪೆ ಬಿಟ್ಟ ಹಣ್ಣು ವಿಪರೀತ ಜಾರುತ್ತದೆ ನಿಜ. ಅದಕ್ಕೇ ಮಲಗಿಸಿ ಕತ್ತರಿಸಬಾರದು. ನಿಂತಂತೆಯೇ, ಪಕ್ಕವನ್ನು ಪೇಪರ್ ಟವೆಲ್‌ನಿಂದ ಹಿಡಿದು, ತೊಟ್ಟಿನಿಂದ ತಳಕ್ಕೆ ಎರಡು ಮಾಡಿ. ಅಗಲವಾದ ಚಮಚವನ್ನು ನಾರಿನ ಅಡಿಗೆ ತೂರಿಸಿ ಬೀಜವನ್ನು ಜರಡಿಗೆ ಎತ್ತಿಹಾಕಿ, ಕೆರೆಯಬೇಡಿ. ಗೂಡಿನ ಸುತ್ತಲಿನದ್ದೇ ಹಣ್ಣಿನ ಸಿಹಿ ಭಾಗ. ನಲ್ಲಿಗೆ ಹಿಡಿದು ಬೀಜ ತೊಳೆಯುವವರು ಆ ಸಿಹಿಯನ್ನೇ ಸಿಂಕಿಗೆ ಬಿಡುತ್ತಾರೆ. ಜರಡಿಯಡಿ ಇಳಿದ ರಸಕ್ಕೆ ನಿಂಬೆ ಹಿಂಡಿದರೆ ಒಂದು ಲೋಟ ಪಾನಕ.

ಹೋಳನ್ನು ಬೋರಲು ಹಾಕಿದ ಮೇಲೆ ಯಾವ ದಿಕ್ಕಿಗೆ ಹೆಚ್ಚುತ್ತೀರಿ ಎಂಬುದೂ ಮುಖ್ಯ. ತೊಟ್ಟಿನ ಕಡೆ ಸಪ್ಪೆ, ಹೂವಿನ ತುದಿಯ ಕಡೆ ಸಿಹಿ. ಅಡ್ಡಡ್ಡ ಬಿಲ್ಲೆ ಮಾಡಿ ಬಡಿಸಿದರೆ ಒಬ್ಬರಿಗೆ ಸಕ್ಕರೆ, ಇನ್ನೊಬ್ಬರಿಗೆ ಸೌತೆ. ಉದ್ದಕ್ಕೆ ಸೀಳಿದರೆ ಪ್ರತಿ ಸೀಳಿಗೂ ಎರಡೂ ಬರುತ್ತವೆ. ಎರಡು ಸೆಂ.ಮೀ. ಅಗಲ ಸೀಳಿ, ಬೇಕಾದರೆ ಆಮೇಲೆ ಅಡ್ಡ ಹೆಚ್ಚಿ, ಒಂದೇ ಪಾತ್ರೆಯಲ್ಲಿ ಕಲಸಿಬಿಡಿ. ರಸಾಯನಕ್ಕಾದರೆ ಒಂದು ಸೆಂ.ಮೀ. ಸಾಕು.

ಕಲ್ಲಂಗಡಿಗೆ ಸ್ವಲ್ಪ ಬದಲಾವಣೆ ಬೇಕು. ಐದು ಕಿಲೋದ ಹಣ್ಣನ್ನು ತುದಿಯ ಮೇಲೆ ನಿಲ್ಲಿಸಿ ಸಿಪ್ಪೆ ತೆಗೆಯುವುದು ಅಪಾಯ. ಮೊದಲು ನಡುವಿಗೆ ಅಡ್ಡ ಎರಡು ಮಾಡಿ, ಕೊಯ್ದ ಮುಖ ಹಲಗೆಗೆ ಬರುವಂತೆ ಗುಮ್ಮಟ ಕೂರಿಸಿ ಸಿಪ್ಪೆ ಇಳಿಸುವುದೇ ಸರಿ. ತುಂಬ ಮಾಗಿದ ಹಣ್ಣು ಚಾಕು ತಾಗಿದ ಕೂಡಲೇ ತಾನೇ ಪಟ್ಟೆಂದು ಬಿರಿದು ಎತ್ತಲೋ ಓಡುತ್ತದೆ, ಒಳಗಿನ ಬಿಗುವು ಅಷ್ಟಿರುತ್ತದೆ. ಸುತ್ತಲೂ ಒಂದು ಸೆಂ.ಮೀ. ಆಳದ ಗೆರೆ ಎಳೆದುಕೊಂಡು ಆಮೇಲೆ ಚಾಕು ಇಳಿಸಿದರೆ ಸೀಳು ಗೆರೆಯಲ್ಲೇ ಉಳಿಯುತ್ತದೆ. ಬಿಳಿ ಭಾಗ ದೋಸೆಗೆ ಬೇಕೆನ್ನುವವರು ಮೊದಲು ಪೀಲರಿನಿಂದ ಹಸಿರು ಮಾತ್ರ ತೆಗೆಯಿರಿ. ಕಲ್ಲಂಗಡಿ ಸಿಪ್ಪೆ ನುಣುಪು, ಇಲ್ಲಿ ಪೀಲರ್ ಕೆಲಸ ಮಾಡುತ್ತದೆ. ನಂತರ ಬಿಳಿಯನ್ನು ಚಾಕುವಿನಿಂದ ಇಳಿಸಿ. ಮೂರು ಗಂಟೆ ನೆನೆದ ಎರಡು ಲೋಟ ಅಕ್ಕಿಗೆ ಮೂರು ಲೋಟ ಬಿಳಿ ಹೋಳು, ರುಬ್ಬಲು ಬೇರೆ ನೀರು ಬೇಡ.

ಉಳಿದದ್ದನ್ನು ಮಡಿಸಿದ ಪೇಪರ್ ಟವೆಲ್ ಹಾಸಿದ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿಗೆ. ಮೂರು ದಿನ ತಡೆಯುತ್ತದೆ. ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ, ಸೆಖೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಉಪ್ಪು, ಸಕ್ಕರೆ, ಚಾಟ್ ಮಸಾಲೆ ತಟ್ಟೆಗೆ ಬಂದ ಮೇಲೆ ಮಾತ್ರ, ಡಬ್ಬಿಯಲ್ಲೇ ಹಾಕಿದರೆ ಅವು ಹೋಳಿನ ನೀರನ್ನೆಲ್ಲ ಎಳೆದು ಹೊರಗೆ ಬಿಡುತ್ತವೆ.

ಮಳೆಗಾಲದಲ್ಲಿ ಕೊಂಕಣ, ಗೋವಾ ಕಡೆ ಸಿಗುವ ಚಿಬೂಡಕ್ಕೆ ಮಾತ್ರ ಇದಾವುದೂ ಒಗ್ಗುವುದಿಲ್ಲ. ಮಾಗಿದಾಗ ತಾನೇ ಬಿರಿಯುವ ಹಣ್ಣದು, ತಿರುಳು ಹಿಟ್ಟುಹಿಟ್ಟು. ಕೈಯಲ್ಲೇ ಎರಡು ಮಾಡಿ, ಬೀಜ ತೆಗೆದು, ಚಮಚದಲ್ಲಿ ತೋಡಿ ನೇರ ಬೆಲ್ಲ ಕರಗಿಸಿದ ತೆಂಗಿನ ಹಾಲಿಗೆ ಹಾಕಿ, ಏಲಕ್ಕಿ ಪುಡಿ ಉದುರಿಸಿ.